ಇನ್ನೊಬ್ಬರ ಮದುವೆ ತೋರಿಸಿ ಮಾಡುವ ವ್ಯಾಪಾರ

ಮದುವೆಯ ಫೋಟೊ ತೆಗೆಯುವವರ ಅಂಗಡಿಯಲ್ಲಿ ಸಿದ್ಧ ಸರಕು ಇರುವುದಿಲ್ಲ. ಮುಂಗಡ ಕೊಡಲು ಬಂದ ಹುಡುಗಿಯ ತಂದೆ ಕೊಳ್ಳುತ್ತಿರುವ ಚಿತ್ರಗಳು ಇನ್ನೂ ಹುಟ್ಟೇ ಇಲ್ಲ. ಮುಹೂರ್ತಕ್ಕೆ ಎರಡು ತಿಂಗಳಿದೆ. ಹಾಗಾಗಿ ಬೇರೆ ಯಾರದೋ ಮದುವೆಯನ್ನು ಮುಂದಿಟ್ಟು ‘ನಿಮ್ಮದೂ ಹೀಗೇ ಬರುತ್ತೆ’ ಎಂದು ನಂಬಿಸಬೇಕು. ಆ ಬೇರೆಯವರ ಮದುವೆಯನ್ನು ಎಲ್ಲಿ, ಯಾರಿಗೆ ತೋರಿಸುತ್ತ ಬಂದರು ಎಂದು ಹುಡುಕುತ್ತ ಹೋದರೆ ಈ ಕಸುಬಿನ ಮಾರುಕಟ್ಟೆಯ ಕಥೆ ಬಿಚ್ಚಿಕೊಳ್ಳುತ್ತದೆ.

ಕ್ಯಾಮೆರಾ ನಮ್ಮ ದೇಶಕ್ಕೆ ಬಂದದ್ದು 1840ರ ದಶಕದಲ್ಲಿ. ಸಿಕಂದರಾಬಾದಿನ ರಾಜಾ ದೀನ್ ದಯಾಳ್, ಬೆಂಗಳೂರು ದಂಡಿನ ಬಾರ್ಟನ್ ಸ್ಟುಡಿಯೊ ಅರಸರನ್ನೂ ಅಧಿಕಾರಿಗಳನ್ನೂ ಚಿತ್ರಿಸಿ ಹೆಸರು ಮಾಡಿದರು. ಬೆಂಗಳೂರಿನ ಜಿ.ಕೆ. ವೇಲ್ 1910ರಿಂದ ಇದೆ. ಆ ಕಾಲದ ನಡುವರ್ಗದ ಮದುವೆಗೆ ಕ್ಯಾಮೆರಾ ಬರುತ್ತಿದ್ದುದು ಅಪರೂಪ. ಧಾರೆ ಮುಗಿದ ಮೇಲೆ ಎಂದೋ ಒಂದು ದಿನ ಗಂಡಹೆಂಡಿರೇ ಸ್ಟುಡಿಯೊಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ ಒಬ್ಬರು ಕೂತು ಒಬ್ಬರು ನಿಂತು ಫೋಟೊ ತೆಗೆಸಿಕೊಂಡು ಬರುತ್ತಿದ್ದರು. ಚಿತ್ರ ಅಂಟಿಸಿದ ದಪ್ಪ ರಟ್ಟಿನ ಮೂಲೆಯಲ್ಲಿ ಸ್ಟುಡಿಯೊದ ಹೆಸರು, ಊರು ಉಬ್ಬಚ್ಚಾಗಿ ಒತ್ತಿರುತ್ತಿತ್ತು. ಆ ರಟ್ಟು ಚೌಕಟ್ಟು ಸೇರಿ ನಡುಮನೆಯ ಗೋಡೆಯಲ್ಲಿ ಐವತ್ತು ವರ್ಷ ತೂಗಿತು. ಅಷ್ಟು ಕಾಲ ಬಾಳಿದ ಜಾಹೀರಾತು ಈ ಕಸುಬಿಗೆ ಆಮೇಲೆ ದಕ್ಕಿದಂತಿಲ್ಲ.

ಬೀದಿಗೆ ಮುಖ ಮಾಡಿದ ಷೋಕೇಸಿನ ಕಾಲ ಇದರ ಬೆನ್ನಿಗೇ ಬಂತು. ತಾಲ್ಲೂಕು ಕೇಂದ್ರದ ಸ್ಟುಡಿಯೊದ ಗಾಜಿನ ಹಿಂದೆ ರಾಜ್‌ಕುಮಾರ್ ಜೊತೆ ಮಾಲೀಕರು ನಿಂತ ಒಂದು ಫೋಟೊ, ಒಂದು ಬೊಚ್ಚು ಬಾಯಿಯ ಮಗು, ಒಂದು ಮದುಮಕ್ಕಳ ಜೋಡಿ. ತಮ್ಮ ಫೋಟೊ ಅಲ್ಲಿ ಬಿತ್ತೆಂದು ಬೀಗಿದವರೂ ಇದ್ದರು, ‘ನಮ್ಮ ಹುಡುಗಿಯನ್ನು ಬಸ್‌ಸ್ಟ್ಯಾಂಡಿನವರೆಲ್ಲ ನೋಡೋದಾ?’ ಎಂದು ತೆಗೆಸಿದವರೂ ಇದ್ದರು. ಇವತ್ತಿನ ಖಾಸಗಿತನದ ಜಗಳದ ಮೊದಲ ಕಂತು ಅಲ್ಲೇ ನಡೆದಿತ್ತು.

ಕ್ಯಾಮೆರಾ ಚಪ್ಪರದೊಳಗೆ ಬಂದಾಗಲೂ ಮೊದಮೊದಲು ಜಿಪುಣತನವೇ. 120ರ ರೋಲಿನಲ್ಲಿ ಚೌಕ ಚಿತ್ರ ಹನ್ನೆರಡೇ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ಫಿಲ್ಮು, ಕೈಯಲ್ಲಿ ಯಾಷಿಕಾ. ಮಾಂಗಲ್ಯಧಾರಣೆ, ಧಾರೆ, ಎರಡೂ ಕಡೆಯವರ ಗ್ರೂಪ್ ಫೋಟೊ: ಇವಿಷ್ಟು ತಪ್ಪದಿದ್ದರೆ ಫೋಟೊಗ್ರಾಫರ್ ಗೆದ್ದಂತೆ. 36 ಚಿತ್ರದ ರೋಲು, ಬಣ್ಣ, ಪ್ರಿಂಟನ್ನು ಬೇಗ ಕೊಡುವ ಲ್ಯಾಬುಗಳು ಬಂದ ಮೇಲೆ ಆಲ್ಬಂ ದಪ್ಪವಾಯಿತು. ಕಾಶಿಯಾತ್ರೆ, ಅರುಂಧತಿ ದರ್ಶನ, ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತಿರುವ ಸೋದರಮಾವ ಎಲ್ಲರಿಗೂ ಅದರಲ್ಲಿ ಜಾಗ ಸಿಕ್ಕಿತು.

ವ್ಯಾಪಾರದ ಕಣ್ಣಿನಿಂದ ನೋಡಿದರೆ ನನಗೆ ಇದೇ ಸುವರ್ಣಕಾಲ. ಯಾಕೆಂದರೆ ಜಾಹೀರಾತಿನ ಖರ್ಚನ್ನು ಗಿರಾಕಿಯೇ ಕೊಡುತ್ತಿದ್ದ, ಹಂಚುವ ಕೆಲಸವನ್ನೂ ಅವನ ಮನೆಯವರೇ ಮಾಡುತ್ತಿದ್ದರು. ಮನೆಗೆ ಬಂದವರಿಗೆ ಕಾಫಿ ಕೊಟ್ಟ ಮೇಲೆ ಆಲ್ಬಂ ಬರುತ್ತಿತ್ತು. ಪುಟ ತಿರುವುತ್ತ ‘ಯಾರು ತೆಗೆದದ್ದು?’ ಎಂಬ ಮಾತು ಬಂದೇ ಬರುತ್ತಿತ್ತು. ಅಲ್ಲಿ ಕೂತ ಅತ್ತೆ, ದೊಡ್ಡಮ್ಮಂದಿರೇ ಪರೀಕ್ಷಕರು. ಬೆಳಕು, ನೆರಳು ಅವರಿಗೆ ಬೇಕಿರಲಿಲ್ಲ. ತಮ್ಮ ಕಡೆಯವರೆಲ್ಲ ಬಿದ್ದಿದ್ದಾರೆಯೇ, ಕಣ್ಣು ಮುಚ್ಚಿಲ್ಲವೇ, ಸೀರೆಯ ಅಂಚು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಕೊಡುವ ಆಲ್ಬಮ್ಮೂ ತೋರಿಸುವ ಆಲ್ಬಮ್ಮೂ ಆಗ ಒಂದೇ ಆಗಿತ್ತು.

ಎಂಬತ್ತರ ದಶಕದಲ್ಲಿ ವಿಡಿಯೊ ಬಂತು. ಕಣ್ಣು ಕೋರೈಸುವ ಲೈಟಿನ ಹುಡುಗ, ಅವನ ಹಿಂದೆ ವೈರು ಹಿಡಿದ ಇನ್ನೊಬ್ಬ, ಬೆವರುತ್ತ ಅಕ್ಷತೆ ಹಾಕುವ ನೆಂಟರು. ಆಮೇಲೆ ಮಿಕ್ಸಿಂಗ್: ಸಿನಿಮಾ ಹಾಡಿನ ಜೊತೆ ಹೃದಯದಾಕಾರದೊಳಗೆ ಮದುಮಗಳ ಮುಖ, ಯಾವುದೋ ಹಿಮದ ಬೆಟ್ಟದ ಮುಂದೆ ಅರಸೀಕೆರೆಯ ಮದುಮಗ. ಇದನ್ನು ನಗೆಪಾಟಲು ಮಾಡುವುದು ಸುಲಭ. ಆದರೆ ಕ್ಯಾಸೆಟ್ಟಿನ ಮೊದಲ ನಿಮಿಷದಲ್ಲೇ ಸ್ಟುಡಿಯೊದ ಹೆಸರು ಎಸ್‌ಟಿಡಿ ಕೋಡಿನ ಸಮೇತ ಪರದೆಯಲ್ಲಿ ಹರಿಯುತ್ತಿತ್ತು, ಆ ಕ್ಯಾಸೆಟ್ಟು ಕೈಯಿಂದ ಕೈಗೆ ಸಾಲ ಹೋಗಿ ಊರೂರು ಸುತ್ತುತ್ತಿತ್ತು. ಮಿಕ್ಕ ಪ್ರಚಾರವನ್ನು ಕಲ್ಯಾಣ ಮಂಟಪದ ಮ್ಯಾನೇಜರು, ಪುರೋಹಿತರು, ಅಡುಗೆ ಕಂಟ್ರಾಕ್ಟರು ನೋಡಿಕೊಳ್ಳುತ್ತಿದ್ದರು. ಅದಕ್ಕೆ ಕಮಿಷನ್ನೂ ಇತ್ತು. ಸಣ್ಣ ಊರುಗಳಲ್ಲಿ ಈ ಜಾಲ ಇವತ್ತಿಗೂ ಇನ್‌ಸ್ಟಾಗ್ರಾಂಗಿಂತ ಗಟ್ಟಿ.

ಡಿಜಿಟಲ್ ಕ್ಯಾಮೆರಾ ಬಂದು ರೋಲಿನ ಲೆಕ್ಕ ಅಳಿಸಿತು. ಎರಡು ದಿನದ ಮದುವೆಗೆ ಸಾವಿರಗಟ್ಟಲೆ ಚಿತ್ರ. ಫೋಟೊಗಳನ್ನು ಅಂಟಿಸುವ ಆಲ್ಬಂ ಹೋಗಿ ಪುಟವನ್ನೇ ಅಚ್ಚು ಹಾಕುವ ‘ಕರಿಷ್ಮಾ’ ಆಲ್ಬಂ ಬಂತು. ಬಿಚ್ಚಿಟ್ಟರೆ ಮೂರಡಿ ಅಗಲ. ಒಳಗೆ ಫೋಟೊಶಾಪಿನ ಸಿದ್ಧ ಹಿನ್ನೆಲೆಗಳು, ಗುಲಾಬಿ, ಕಮಾನು, ಅರ್ಥವಾಗದ ಇಂಗ್ಲಿಷ್ ಪ್ರೇಮವಾಕ್ಯ. ಫೋಟೊಗ್ರಾಫರುಗಳಿಗಾಗಿಯೇ ಪುಸ್ತಕದಂಥ ಆಲ್ಬಂ ಅಚ್ಚು ಹಾಕುವ ಕ್ಯಾನ್ವೆರಾ ಬೆಂಗಳೂರಿನಲ್ಲಿ 2007ರಲ್ಲಿ ಶುರುವಾಯಿತು. ಆ ಹೊತ್ತಿಗೆ ‘ಸ್ಯಾಂಪಲ್ ಆಲ್ಬಂ’ ಬೇರೆಯದೇ ವಸ್ತುವಾಗಿ ನಿಂತಿತ್ತು: ಗಿರಾಕಿಗೆ ಕೊಡಲಿಕ್ಕಲ್ಲ, ಬ್ಯಾಗಿನಲ್ಲಿಟ್ಟುಕೊಂಡು ಮನೆಮನೆಗೆ ಒಯ್ಯಲಿಕ್ಕೆಂದೇ ಮಾಡಿಸಿದ್ದು. ಹತ್ತು ಮದುವೆಗಳ ಚಂದದ ಹುಡುಗಿಯರು, ಚಂದದ ಮಂಟಪಗಳು ಅದರೊಳಗೆ ಸೇರಿದವು. ಒಂದೇ ಮದುವೆಯ ಇಡೀ ಆಲ್ಬಂ ತೋರಿಸಿ ಎಂದು ಕೇಳುವ ಗಿರಾಕಿಯನ್ನು ಕಂಡರೆ ಫೋಟೊಗ್ರಾಫರ್ ಸ್ವಲ್ಪ ತಡವರಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದೇ. ಕರೆಂಟು ಹೋದ ಛತ್ರದಲ್ಲಿ, ಮುಹೂರ್ತ ಬೆಳಗಿನ ಜಾವಕ್ಕಿರುವಾಗ ಇವರು ಏನು ಮಾಡಿದರು ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಫೋಟೊ ಕ್ಯಾಮೆರಾದಲ್ಲೇ ಸಿನಿಮಾದಂಥ ವಿಡಿಯೊ ಕೊಟ್ಟಿತು. ಅದೇ ಸುಮಾರಿನಲ್ಲಿ ಪೋಸು ಕೊಡಿಸದೆ ತೆಗೆಯುವ ‘ಕ್ಯಾಂಡಿಡ್’ ಚಿತ್ರದ ಮಾತು ಹಬ್ಬಿ, ಇಂಜಿನಿಯರಿಂಗ್, ಎಂಬಿಎ ಓದಿದವರೂ ಈ ಕಸುಬಿಗೆ ಇಳಿದರು. ಬೆಂಗಳೂರಿನ ಮಹೇಶ್ ಶಾಂತಾರಾಂ ಮದುವೆ ಮನೆಗಳ ವೈಭವವನ್ನೂ ಬಳಲಿಕೆಯನ್ನೂ ‘ಮ್ಯಾಟ್ರಿಮೇನಿಯಾ’ ಎಂಬ ಚಿತ್ರಸರಣಿಯಾಗಿಸಿದರು. 2017ರ ಡಿಸೆಂಬರಿನಲ್ಲಿ ಅನುಷ್ಕಾ ಶರ್ಮಾ, ವಿರಾಟ್ ಕೊಹ್ಲಿ ಇಟಲಿಯಲ್ಲಿ ಮದುವೆಯಾದಾಗ ಚಿತ್ರ ತೆಗೆದದ್ದು ಜೋಸೆಫ್ ರಾಧಿಕ್ ತಂಡ. ಆ ಚಿತ್ರಗಳು ಮೊಬೈಲಿನಲ್ಲಿ ಹರಿದಾಡಿದ ಮೇಲೆ ಮಂಡ್ಯದ ಛತ್ರದಲ್ಲೂ ಅವುಗಳಲ್ಲಿದ್ದ ತಿಳಿ ಗುಲಾಬಿ ಬಣ್ಣಕ್ಕೆ ಬೇಡಿಕೆ ಬಂತು. ತಾರೆಯರ ದುಬಾರಿ ಮದುವೆಯೇ ಎಲ್ಲರ ಸ್ಯಾಂಪಲ್ ಆಲ್ಬಂ ಆದದ್ದು ಹೀಗೆ.

ಪ್ರೀ ವೆಡ್ಡಿಂಗ್ ಶೂಟ್ ಇದರ ಮುಂದಿನ ಹೆಜ್ಜೆ. ಮದುವೆಯ ದಿನ ಯಾರೂ ಫೋಟೊಗ್ರಾಫರ್ ಹೇಳಿದ ಬೆಳಕಿಗೆ ಬಂದು ನಿಲ್ಲುವುದಿಲ್ಲ, ಇಲ್ಲಿ ನಿಲ್ಲುತ್ತಾರೆ. ಹೀಗಾಗಿ ಪ್ರಚಾರಕ್ಕೆ ಇದರಷ್ಟು ಹೇಳಿ ಮಾಡಿಸಿದ ಸರಕು ಇನ್ನೊಂದಿಲ್ಲ. ಆಷಾಢದ ಖಾಲಿ ದಿನಗಳಿಗೂ ಕೆಲಸವಾಯಿತು. ಎಲ್ಲರಿಗಿಂತ ಬೇರೆ ಕಾಣಬೇಕೆಂಬ ಹಟ ಎಲ್ಲಿಗೆ ಮುಟ್ಟಿತೆಂದರೆ, 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಇಂಥ ಶೂಟಿಂಗ್ ನಡೆದು, ವಿಡಿಯೊ ಹರಡಿ, ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು.

2020ರ ಲಾಕ್‌ಡೌನಿನಲ್ಲಿ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದಾಗ ಯೂಟ್ಯೂಬ್ ಲೈವ್ ಅನಿವಾರ್ಯವಾಯಿತು. ಅಮೆರಿಕದ ಚಿಕ್ಕಪ್ಪ ರಾತ್ರಿ ಎದ್ದು ಕೂತು ಧಾರೆ ನೋಡಿದ. ಪರದೆಯ ಮೂಲೆಯಲ್ಲಿ ಸ್ಟುಡಿಯೊದ ಹೆಸರು, ಮೊಬೈಲ್ ನಂಬರು. ಅದೇ ವರ್ಷ ಟಿಕ್‌ಟಾಕ್ ನಿಷೇಧವಾಗಿ ರೀಲ್ಸ್ ಬಂತು. ಈಗ ಗಿರಾಕಿ ಅಂಗಡಿಗೆ ಕಾಲಿಡುವ ಮೊದಲೇ ಮೊಬೈಲಿನಲ್ಲಿ ತೀರ್ಮಾನ ಮಾಡಿರುತ್ತಾನೆ. ತೀರ್ಪು ಕೊಡುವ ದೊಡ್ಡಮ್ಮನ ಜಾಗಕ್ಕೆ ಮದುವೆಗೂ ಮನೆತನಕ್ಕೂ ಸಂಬಂಧವೇ ಇಲ್ಲದ ಸಾವಿರಾರು ಜನ ಬಂದಿದ್ದಾರೆ. ಅವರಿಗೆ ಸೋದರಮಾವ ಬೇಡ. ಆದ್ದರಿಂದ ಮದುಮಗಳು ತಿರುಗಿ ನೋಡುವುದನ್ನು ನಾಲ್ಕು ಸಲ ತೆಗೆಯುವ ಹುಡುಗ, ಪಂಕ್ತಿಯ ಕಡೆ ಹೋಗುವುದನ್ನೇ ಮರೆಯುತ್ತಾನೆ. ಆಲ್ಬಂ ಕೈಗೆ ಬಂದಾಗ ‘ನಮ್ಮ ಕಡೆಯವರು ಯಾರೂ ಇಲ್ಲವಲ್ಲ’ ಎಂಬ ದೂರು ಬರುವುದು ಇಲ್ಲಿಂದಲೇ. ಆಲ್ಬಂ ಕೈಗೆ ಬಂದರೆ, ಎಂಬ ಮಾತೂ ಉಂಟು: ‘ಸೆಲೆಕ್ಷನ್’ ಮಾಡಿಕೊಡುತ್ತೇವೆಂದು ಹಾರ್ಡ್‌ಡಿಸ್ಕ್ ಒಯ್ದ ಜೋಡಿ ಮಗುವಿನ ನಾಮಕರಣಕ್ಕೆ ಫೋಟೊಗ್ರಾಫರನ್ನು ಕರೆಯುವಾಗ ಮದುವೆಯ ಬಾಕಿ ಇನ್ನೂ ಹಾಗೇ ಇರುತ್ತದೆ.

ಈ ಚಿತ್ರಗಳನ್ನು ತೋರಿಸುವ ಹಕ್ಕು ಯಾರದು ಎಂಬುದು ಬಹುಪಾಲು ಜನ ಕೇಳಿಕೊಳ್ಳದ ಪ್ರಶ್ನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಸ್ಪಷ್ಟವಾಗಿದೆ: ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಷೋಕೇಸಿನ ಕಾಲದಿಂದಲೂ ಈ ವ್ಯಾಪಾರ ನಡೆದದ್ದು ಗಿರಾಕಿಯ ಆಸ್ತಿಯ ಮೇಲೆ, ಹೆಚ್ಚಿನ ಸಲ ಬಾಯಿಮಾತಿನ ಒಪ್ಪಿಗೆಯಲ್ಲಿ. ದೊಡ್ಡ ಸ್ಟುಡಿಯೊಗಳ ಕರಾರುಪತ್ರದಲ್ಲಿ ಈಗ ಇದಕ್ಕೊಂದು ಸಾಲಿರುತ್ತದೆ, ಜಾಲತಾಣಕ್ಕೆ ಹಾಕಬೇಡಿ ಎಂದವರಿಗೆ ಹೆಚ್ಚು ದರ ಹೇಳುವವರೂ ಇದ್ದಾರೆ. ಸಣ್ಣ ಊರಿನ ರಸೀದಿ ಪುಸ್ತಕದಲ್ಲಿ ಮುಂಗಡ, ಬಾಕಿ, ಶೀಟುಗಳ ಲೆಕ್ಕ ಮಾತ್ರ. ಅಲ್ಲಿ ಆ ಒಂದು ಸಾಲನ್ನು, ಎಲ್ಲಿ ತೋರಿಸಬಹುದು, ಎಷ್ಟು ಚಿತ್ರ, ಬೇಡವೆಂದರೆ ಯಾವಾಗ ತೆಗೆಯಬೇಕು ಎಂಬ ವಿವರದೊಡನೆ, ಮುಂಗಡ ಕೊಡುವ ಹೊತ್ತಿನಲ್ಲಿ ಗಿರಾಕಿಯೇ ಕೈಬರಹದಲ್ಲಿ ಬರೆಸಿಕೊಳ್ಳಬಹುದು.