ಅಬ್‌ಹರ್ ಮತ್ತು ವತೀನ್: ಎದೆಯ ರಕ್ತನಾಳದ ಹೆಸರುಗಳ ಇತಿಹಾಸ

ಸೂರಃ ಅಲ್‌ಹಾಕ್ಕದ 44ರಿಂದ 47ರವರೆಗಿನ ವಚನಗಳಲ್ಲಿ ಅಲ್ಲಾಹನು ಒಂದು ಗಂಭೀರ ಎಚ್ಚರಿಕೆಯನ್ನು ನೀಡಿದ್ದಾನೆ. ಪ್ರವಾದಿಯವರು(ಸ) ಸ್ವತಃ ಮಾತುಗಳನ್ನು ಕಟ್ಟಿ ಅವನ ಹೆಸರಿಗೆ ಹಚ್ಚಿದ್ದರೆ ಅವರ ಬಲಗೈ ಹಿಡಿದು ‘ವತೀನ್’ ಅನ್ನು ಕತ್ತರಿಸಿಬಿಡುತ್ತಿದ್ದೆವು, ಆಗ ಯಾರಿಂದಲೂ ತಡೆಯಲಾಗುತ್ತಿರಲಿಲ್ಲ ಎಂಬುದು ಅದರ ತಾತ್ಪರ್ಯ. ಇನ್ನೊಂದೆಡೆ, ಇಮಾಮ್ ಬುಖಾರಿಯವರು(ರಹ್) ಉಲ್ಲೇಖಿಸಿದ ವರದಿಯಂತೆ ಪ್ರವಾದಿಯವರು(ಸ) ತಮ್ಮ ಅಂತಿಮ ಕಾಯಿಲೆಯಲ್ಲಿ ಹಝ್ರತ್ ಆಯಿಶಾರೊಡನೆ(ರ) ಖೈಬರಿನಲ್ಲಿ ತಿಂದ ಆಹಾರದ ನೋವು ಇನ್ನೂ ಕಾಡುತ್ತಿದೆಯೆಂದೂ, ಆ ವಿಷದಿಂದ ತಮ್ಮ ‘ಅಬ್‌ಹರ್’ ಕತ್ತರಿಸಿದಂತೆ ಭಾಸವಾಗುತ್ತಿದೆಯೆಂದೂ ಹೇಳಿದ್ದರು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಎಚ್ಚರಿಕೆಯಲ್ಲಿ ಹೇಳಿದ್ದೇ ಕೊನೆಗೆ ನಡೆಯಿತಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಅಂತರ್ಜಾಲದ ಮೂಲಕ ಈ ಆಕ್ಷೇಪ ಬಿಡದಿ, ರಾಮನಗರ, ಚನ್ನಪಟ್ಟಣಗಳ ನಮ್ಮ ಯುವಕರ ಮೊಬೈಲಿನವರೆಗೂ ಬಂದು ತಲುಪುತ್ತದೆ. ಕೇಳಿದವನನ್ನು ಗದರಿಸಿ ಕಳುಹಿಸುವುದು ಉತ್ತರವಲ್ಲ. ಉತ್ತರ ಹುಡುಕಬೇಕಾದರೆ ಮೊದಲು ಈ ಎರಡು ಪದಗಳ ಇತಿಹಾಸವನ್ನು ತಿಳಿಯಬೇಕು.

ಅರಬರಿಗೆ ದೇಹದೊಳಗಿನ ನಾಳಗಳ ಪರಿಚಯ ವೈದ್ಯಗ್ರಂಥಗಳಿಂದ ಬಂದದ್ದಲ್ಲ. ಒಂಟೆ, ಕುರಿಗಳನ್ನು ಝಬಹ್ ಮಾಡುವ ಜನರಿಗೆ ಯಾವ ನಾಳ ಕತ್ತರಿಸಿದರೆ ಜೀವ ಹೋಗುತ್ತದೆ ಎಂಬುದು ಕೈಯ ಅನುಭವವಾಗಿತ್ತು. ಕೊರಳಿನ ಎರಡು ಬದಿಯ ನಾಳಗಳಿಗೆ ‘ವದಜ್’ ಎನ್ನುತ್ತಿದ್ದರು. ಝಬೀಹದ ನಿಯಮಗಳನ್ನು ವಿವರಿಸುವಾಗ ಫಿಕ್‌ಹ್ ವಿದ್ವಾಂಸರು ಇಂದಿಗೂ ಅದೇ ಪದವನ್ನು ಬಳಸುತ್ತಾರೆ. ವತೀನ್ ಕೂಡ ಇಂಥ ಜನಬಳಕೆಯ ಪದವೇ. ಶಮ್ಮಾಖ್ ಎಂಬ ಕವಿ ತನ್ನ ಒಂಟೆಯನ್ನು ಸಂಬೋಧಿಸುವ ಪದ್ಯವೊಂದರಲ್ಲಿ ಪ್ರಾಣನಾಳದ ಅರ್ಥದಲ್ಲಿ ಆ ಪದವನ್ನು ಬಳಸಿದ್ದಾನೆ. ಹಝ್ರತ್ ಇಬ್ನು ಅಬ್ಬಾಸ್(ರ) ಅದನ್ನು ಹೃದಯವು ತೂಗುಬಿದ್ದಿರುವ ನಾಳ ಎಂದು ವಿವರಿಸಿದ್ದಾರೆ.

ಅಬ್‌ಹರ್ ಎಂದರೇನು? ಬೆನ್ನಿನ ಒಳಗೆ ಅಡಗಿ ಹೃದಯಕ್ಕೆ ಸೇರಿರುವ, ಕತ್ತರಿಸಿದರೆ ಮನುಷ್ಯ ಬದುಕಲಾರದ ನಾಳ ಎಂದು ನಿಘಂಟುಕಾರರು ಹೇಳಿದ್ದಾರೆ. ಹಿಜರಿ 606ರಲ್ಲಿ (ಕ್ರಿ.ಶ. 1210) ನಿಧನರಾದ ಮಜ್ದುದ್ದೀನ್ ಇಬ್ನುಲ್ ಅಸೀರ್(ರಹ್) ಹದೀಸಿನ ಕಠಿಣ ಪದಗಳ ಕುರಿತ ತಮ್ಮ ‘ಅನ್ನಿಹಾಯ’ ಗ್ರಂಥದಲ್ಲಿ ಇನ್ನೊಂದು ಸ್ವಾರಸ್ಯಕರ ಅಭಿಪ್ರಾಯವನ್ನೂ ದಾಖಲಿಸಿದ್ದಾರೆ. ಅದರ ಪ್ರಕಾರ ತಲೆಯಿಂದ ಪಾದದವರೆಗೆ ಹರಿಯುವ ನಾಳ ಒಂದೇ. ಸ್ಥಳಕ್ಕೆ ತಕ್ಕಂತೆ ಅದರ ಹೆಸರು ಬದಲಾಗುತ್ತದೆ. ಗಂಟಲಲ್ಲಿ ಅದು ವರೀದ್, ಎದೆಯಲ್ಲಿ ಅಬ್‌ಹರ್, ಬೆನ್ನಿನಲ್ಲಿ ವತೀನ್, ತೊಡೆಯಲ್ಲಿ ನಸಾ, ಮೊಣಕಾಲಿನ ಕೆಳಗೆ ಸಾಫಿನ್. ಸೂರಃ ಕಾಫ್‌ನ 16ನೆಯ ವಚನದಲ್ಲಿ ಅಲ್ಲಾಹನ ಸಾಮೀಪ್ಯವನ್ನು ತಿಳಿಸಲು ಬಂದಿರುವುದು ಇದೇ ವರೀದ್. ನಮ್ಮ ಮನೆಗಳ ಉರ್ದುವಿನಲ್ಲಿ ಅದು ‘ಶಹ್‌ರಗ್’. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಕಲಿತ ಹಕೀಮರು ಸೊಂಟದಿಂದ ಕಾಲಿಗಿಳಿಯುವ ನೋವನ್ನು ‘ಇರ್ಕುನ್ನಸಾ’ ಎನ್ನುವಾಗ ಅದೇ ಪಟ್ಟಿಯ ನಸಾ ಇಂದಿಗೂ ಜೀವಂತವಾಗಿದೆ.

ಆದರೆ ವೈದ್ಯರ ದಾರಿ ಬೇರೆಯಾಗಿತ್ತು. ಗ್ರೀಕ್ ಗ್ರಂಥಗಳ ಅನುವಾದದ ನಂತರ ಅವರು ಮಿಡಿಯುವ ನಾಳಕ್ಕೆ ‘ಶಿರ್ಯಾನ್’, ಮಿಡಿಯದ ನಾಳಕ್ಕೆ ‘ವರೀದ್’ ಎಂದು ಹೆಸರನ್ನು ಬೇರ್ಪಡಿಸಿದರು. ಹೃದಯದಿಂದ ಹೊರಡುವ ಮಹಾಪಧಮನಿಗೆ ಇಬ್ನು ಸೀನಾ ತಮ್ಮ ‘ಅಲ್‌ಕಾನೂನ್’ನಲ್ಲಿ ಗ್ರೀಕ್ ಮೂಲದ ‘ಅವುರ್ತಿ’ ಎಂಬ ಪದವನ್ನೇ ಬಳಸಿದರು. 1242ರಲ್ಲಿ ಇಬ್ನುನ್ನಫೀಸ್, ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತವು ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ತಲುಪುತ್ತದೆ ಎಂದು ಬರೆದರು. ಗ್ಯಾಲೆನನ ಸಾವಿರ ವರ್ಷದ ಅಭಿಪ್ರಾಯವನ್ನು ನಿರಾಕರಿಸಿದ ಈ ವೈದ್ಯರು ಶಾಫಿಈ ಫಿಕ್‌ಹ್‌ನ ಅಧ್ಯಾಪಕರೂ ಆಗಿದ್ದರು. ಮಹಾಪಧಮನಿಗೆ ಅಬ್‌ಹರ್ ಎಂಬ ಹೆಸರು ಆಧುನಿಕ ಅರಬಿ ವೈದ್ಯಭಾಷೆಯಲ್ಲಿ ಪಾರಿಭಾಷಿಕವಾಗಿ ನೆಲೆಗೊಂಡಿದೆ. ಆದ್ದರಿಂದ ಏಳನೆಯ ಶತಮಾನದ ಮಾತಿನ ಮೇಲೆ ಇಂದಿನ ಪಠ್ಯಪುಸ್ತಕದ ಚಿತ್ರವನ್ನು ಹೊರಿಸುವುದು ಸರಿಯಲ್ಲ. ಈ ಎಚ್ಚರ ಆಕ್ಷೇಪಿಸುವವರಿಗೆ ಬೇಕಾದಂತೆಯೇ, ಇಬ್ನುಲ್ ಅಸೀರರ ಪಟ್ಟಿಯನ್ನು ಹಿಡಿದು ವೈಜ್ಞಾನಿಕ ಪವಾಡವನ್ನು ಸಾರಲು ಹೊರಡುವ ನಮ್ಮವರಿಗೂ ಬೇಕು.

ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಶಾಲೆಯಲ್ಲಿ ಅಪಧಮನಿ, ಅಭಿಧಮನಿ, ನರ ಎಂದು ಬೇರೆಬೇರೆಯಾಗಿ ಕಲಿಯುತ್ತೇವೆ. ಮನೆಯಲ್ಲಿ ಮಾತ್ರ ಕೈಯ ರಕ್ತನಾಳವೂ ನರವೇ, ಹಿಡಿದುಕೊಂಡ ಸ್ನಾಯುವೂ ನರವೇ. ಮಗುವಿನ ಅಳು ಕೇಳಿ ‘ಕರುಳು ಕಿತ್ತು ಬಂತು’ ಎಂದ ತಾಯಿಯ ಹೊಟ್ಟೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಅರಬಿಯಲ್ಲೂ ಪ್ರಾಣಾಂತಿಕ ನೋವನ್ನು ಹೇಳಲು ಅಬ್‌ಹರ್ ಕತ್ತರಿಸಿತು ಎನ್ನುವ ರೂಢಿಯಿತ್ತು.

ಇನ್ನು ಆಕ್ಷೇಪಕ್ಕೆ ಬರೋಣ. ವತೀನ್ ಬೇರೆ, ಅಬ್‌ಹರ್ ಬೇರೆ, ಆದ್ದರಿಂದ ಪ್ರಶ್ನೆಯೇ ಇಲ್ಲ ಎಂದು ಕೆಲವರು ಉತ್ತರಿಸುತ್ತಾರೆ. ಪದಗಳು ಬೇರೆ ಎಂಬುದು ನಿಜ. ಆದರೆ ಅವೆರಡೂ ಒಂದೇ ನಾಳದ ಭಾಗಗಳೆಂದು ಹೇಳಿದ ಭಾಷಾವಿದ್ವಾಂಸರು ಇರುವಾಗ ಆ ಉತ್ತರವೊಂದನ್ನೇ ನೆಚ್ಚಿಕೊಳ್ಳುವುದು ದುರ್ಬಲ ವಾದವಾಗುತ್ತದೆ. ನಿಜವಾದ ಉತ್ತರ ಸಂದರ್ಭದಲ್ಲಿದೆ.

ಕುರ್‌ಆನಿನ ವಚನ ಸುಳ್ಳು ಕಟ್ಟುವವನಿಗೆ ಬರುವ ಶಿಕ್ಷೆಯ ಮಾತು. ಬಲಗೈ ಹಿಡಿದು ಅಲ್ಲಿಯೇ ಮುಗಿಸಿಬಿಡುವ, ಸಂದೇಶ ಮುಂದುವರಿಯಗೊಡದ ಹಿಡಿತ ಅದು. ಖೈಬರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಹಿಜರಿ 7ರಲ್ಲಿ (ಕ್ರಿ.ಶ. 628) ಝೈನಬ್ ಬಿಂತ್ ಹಾರಿಸ್ ಎಂಬಾಕೆ ವಿಷ ಬೆರೆಸಿದ ಕುರಿಮಾಂಸವನ್ನು ಕಳುಹಿಸಿದಳು. ಅದನ್ನು ತಿಂದ ಬಿಶ್ರ್ ಬಿನ್ ಬರಾಅ್(ರ) ಮರಣ ಹೊಂದಿದರು. ಪ್ರವಾದಿಯವರು(ಸ) ವಿಷವನ್ನು ಅರಿತು ಕೈ ತಡೆದರು. ಆ ಬಳಿಕ ಸುಮಾರು ನಾಲ್ಕು ವರ್ಷ ಬದುಕಿದರು. ಆ ಅವಧಿಯಲ್ಲೇ ಮಕ್ಕಾ ವಿಜಯವಾಯಿತು, ಹಿಜರಿ 10ರ ವಿದಾಯ ಹಜ್ಜ್ ನೆರವೇರಿತು, ಧರ್ಮವು ಪೂರ್ಣಗೊಂಡಿತೆಂಬ ವಚನ ಅರಫಾದಲ್ಲಿ ಅವತೀರ್ಣವಾಯಿತು. ಅವರು ನಿಧನರಾದದ್ದು ಹಿಜರಿ 11ರಲ್ಲಿ, ಹೊಣೆಯನ್ನು ಸಂಪೂರ್ಣ ತಲುಪಿಸಿದ ನಂತರ. ತಡೆಯಲು ಬಂದ ಶಿಕ್ಷೆ ಕೆಲಸ ಮುಗಿಯುವವರೆಗೆ ಕಾಯುತ್ತದೆಯೇ?

ಸಹಾಬಿಗಳು ಈ ನೋವನ್ನು ಹೇಗೆ ಕಂಡರು ಎಂಬುದೂ ಮುಖ್ಯ. ಅಲ್ಲಾಹನು ಅವರಿಗೆ ಪ್ರವಾದಿತ್ವದೊಂದಿಗೆ ಹುತಾತ್ಮತೆಯನ್ನೂ ದಯಪಾಲಿಸಿದನು ಎಂದೇ ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ತಿಳಿದಿದ್ದರು. ಈ ನುಡಿಯನ್ನು ಬಚ್ಚಿಡಬೇಕೆಂದು ಹಝ್ರತ್ ಆಯಿಶಾರಿಗೆ(ರ) ಅನ್ನಿಸಲಿಲ್ಲ, ಅದನ್ನು ದಾಖಲಿಸಲು ಹದೀಸ್ ಸಂಗ್ರಾಹಕರು ಅಂಜಲಿಲ್ಲ. ಎರಡೂ ವಾಕ್ಯಗಳನ್ನು ಕಂಠಪಾಠ ಮಾಡಿದ್ದ, ಅರಬಿಯೇ ತಾಯ್ನುಡಿಯಾಗಿದ್ದ ಆ ಪೀಳಿಗೆಗೆ ಅವುಗಳ ನಡುವೆ ವೈರುಧ್ಯ ಕಾಣಿಸಲಿಲ್ಲ.

ನಮ್ಮ ಮಕ್ಕಳು ಇಂಥ ಪ್ರಶ್ನೆಗಳನ್ನು ತಂದಾಗ ಪದವನ್ನು, ಅದರ ಕಾಲವನ್ನು, ಅದರ ಸಂದರ್ಭವನ್ನು ಅವರೊಡನೆ ಕುಳಿತು ಓದುವ ತಾಳ್ಮೆಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.