ದನಿಯ ದೂರ

ಹಾಡುವುದನ್ನು ಕಲಿಸುವ ಗುರುಗಳಿಗೆ ನಮ್ಮ ಗದುಗಿನ ಸೀಮೆಯಲ್ಲಿ ಎಂದೂ ಕೊರತೆಯಿರಲಿಲ್ಲ. ಪಂಚಾಕ್ಷರ ಗವಾಯಿಗಳು, ಅವರ ಬಳಿಕ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧರಿಗೆ, ಅನಾಥರಿಗೆ ಸ್ವರದ ಊರುಗೋಲನ್ನಿತ್ತರು. ಆದರೆ ಹಾಡಿದ್ದನ್ನು ಹಿಡಿದಿಡುವ ವಿದ್ಯೆಗೆ ಇಂಥ ಪರಂಪರೆ ಇರಲಿಲ್ಲ. ಅದು ದೂರದಿಂದ ಬಂದ ವಿದ್ಯೆ.

ಎಡಿಸನ್ನನು ಮಾತನಾಡುವ ಯಂತ್ರವನ್ನು ರೂಪಿಸಿದ್ದು 1877ರಲ್ಲಿ. 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. ಆಗ ಮೈಕು ಇರಲಿಲ್ಲ. ದೊಡ್ಡದೊಂದು ಕಹಳೆಯೊಳಗೆ ಹಾಡಬೇಕು. ದನಿಯ ಬಲದಿಂದಲೇ ಸೂಜಿ ಅದುರಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಮೆಲ್ಲನೆಯ ದನಿ ಕಹಳೆಯ ಹತ್ತಿರ, ಗಟ್ಟಿ ವಾದ್ಯ ಅದರಿಂದ ದೂರ. ಇಂದಿನವರು ಗುಂಡಿ ತಿರುವಿ ಮಾಡುವ ಮಿಶ್ರಣವನ್ನು ಅಂದಿನವರು ಹೆಜ್ಜೆ ಸರಿಸಿ ಮಾಡುತ್ತಿದ್ದರು. ತಪ್ಪಿದರೆ ತಿದ್ದುವಂತಿಲ್ಲ, ಮೊದಲಿನಿಂದ ಹಾಡಬೇಕು. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ. ಗಂಟೆಗಟ್ಟಲೆ ಅರಳುವ ರಾಗವನ್ನು ಅಷ್ಟರಲ್ಲಿ ಅಡಗಿಸುವ ಮಿತವನ್ನು ಗಾಯಕರು ಕಲಿತದ್ದು ಈ ಇಕ್ಕಟ್ಟಿನಿಂದಲೇ.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದಮೇಲೆ ಮೆಲುದನಿಗೂ ಮಾನ ಬಂದಿತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಮುಂಬಯಿಗೆ ಹೋಗಿ ಹಾಡಿದರು. ಆ ಮುದ್ರಿಕೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿತ್ತು. ಗದುಗಿನ ಶಾಲಾಮಾಸ್ತರರ ಮಗ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಮುದ್ರಿಕೆಗೆ ಮರುಳಾಗಿ, 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು ಹೋದರು. ಅರಗಿನ ತಟ್ಟೆಯೊಂದು ಹನ್ನೊಂದು ವರುಷದ ಬಾಲಕನನ್ನು ಊರು ಬಿಡಿಸಬಲ್ಲುದಾದರೆ, ಅದನ್ನು ಬರಿಯ ಯಂತ್ರವೆಂದು ಹೇಗೆ ಕರೆಯೋಣ?

1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದಿತು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ತಂದಿತು. 1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆ ಅಂಥ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಜಾಡುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ಆಮೇಲೆ ಬೆರೆಸುವ ಯಂತ್ರವನ್ನು ಮಾಡಿತು. ಸ್ಟುಡಿಯೋ ಮನೆಯೊಳಗೆ ಕಾಲಿಟ್ಟದ್ದು ಹೀಗೆ.

ನನ್ನ ಮನೆಗೆ ಬಂದದ್ದು ಒಂದೇ ಜಾಡಿನ ಸಣ್ಣ ಯಂತ್ರ. 1980ರ ದಶಕದಲ್ಲಿ ಅದನ್ನು ಹರ್ತಿಗೆ ಒಯ್ದು, ನಸುಕಿನಲ್ಲಿ ಅವ್ವ ಬೀಸುವಾಗ ಕಲ್ಲಿನ ಮಗ್ಗುಲಲ್ಲೇ ಇರಿಸಿದೆ. ಗೈಸ್‌ಬರ್ಗನ ಪಾಠ ನನಗೆ ಗೊತ್ತಿರಲಿಲ್ಲ. ಕೇಳಿ ನೋಡಿದರೆ ಬರಿಯ ಕಲ್ಲಿನ ಗುಡುಗು. ಅವ್ವನ ಹಾಡು ಅದರ ಹಿಂದೆಲ್ಲೋ. ಸುಮ್ಮನೆ ಕುಳಿತು ಹಾಡೆಂದೆ. "ಕಲ್ಲ ತಿರಗದ ಪದ ಬರೂದಿಲ್ಲೋ ತಮ್ಮಾ" ಎಂದಳು. ಮತ್ತೊಮ್ಮೆ ಮುದ್ರಿಸೋಣವೆಂದುಕೊಂಡೆ. ಆ ಮತ್ತೊಮ್ಮೆ ಬರಲೇ ಇಲ್ಲ.

ಈಗ ಅದೇ ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ನನ್ನ ತಮ್ಮನ ಮಗ ಗಣಕಯಂತ್ರವಿಟ್ಟುಕೊಂಡು ಊರಿನ ಭಜನೆಯವರ ಹಾಡುಗಳನ್ನು ಮುದ್ರಿಸುತ್ತಾನೆ. ದನಿ ಗೋಡೆಗೆ ಬಡಿದು ಮರಳದಿರಲೆಂದು ಅಜ್ಜಿ ಹೊಲಿದ ಕೌದಿಗಳನ್ನೇ ತೂಗುಹಾಕಿದ್ದಾನೆ. ಮೈಕನ್ನು ಒಂದು ಗೇಣು ಅತ್ತಿತ್ತ ಸರಿಸಿ, ಹಾಡಿಸಿ, ಕೇಳಿ, ಮತ್ತೆ ಸರಿಸಿ ಕಲಿತಿದ್ದಾನೆ. ಕಲಿಕೆಯ ಮುಕ್ಕಾಲು ಪಾಲು ಕೇಳುವುದರಲ್ಲಿದೆ ಎಂಬುದು ಅವನಿಗೆ ತಿಳಿದಿದೆ.

ಹಳೆಯ ಕ್ಯಾಸೆಟ್ಟನ್ನು ಅವನ ಕೈಗಿತ್ತೆ. ಒಂದೇ ಜಾಡಿನಲ್ಲಿ ಬೆರೆತದ್ದನ್ನು ಪೂರಾ ಬೇರ್ಪಡಿಸುವುದು ಸುಲಭವಲ್ಲ. ಆದರೂ ಕೆಳಸ್ತರದ ಗುಡುಗನ್ನು ತಗ್ಗಿಸುತ್ತ ಹೋದಂತೆ ಅವ್ವನ ಎರಡು ಸಾಲು ಮೇಲೆದ್ದು ಬಂದವು. "ಇನ್ನೂ ತಗ್ಗಿಸ್ಲೇನು, ದೊಡ್ಡಪ್ಪಾ?" ಎಂದು ಕೇಳಿದ. ತಗ್ಗಿಸಿದಾಗ ಹಾಡು ಸ್ಪಷ್ಟವಾಯಿತು. ಆದರೆ ನೆಲೆ ತಪ್ಪಿದವಳಂತೆ ಅವ್ವ ಒಬ್ಬಳೇ ಹಾಡುತ್ತಿದ್ದಳು. ಆ ನಸುಕು ಅಲ್ಲಿರಲಿಲ್ಲ.

"ಕಲ್ಲು ಸ್ವಲ್ಪ ಬರಲಪ್ಪಾ" ಎಂದೆ. ಅವನು ಬೆರಳು ಸರಿಸಿದ. ಕಲ್ಲು ಮೆಲ್ಲನೆ ತಿರುಗತೊಡಗಿತು.