ಡಮಾಸ್ಕಸ್ಸಿನ ಎರಡು ಜ್ವರಗಳು



ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವಪಡೆಯ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಜೋಧಪುರದ ಸವಾರರು ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನೇರಿ ಶತ್ರುವಿನ ಫಿರಂಗಿಗಳನ್ನು ಹಿಡಿದರು. ಈ ಕಥೆಯನ್ನು ಹಲವರು ಬಲ್ಲರು. ವೈದ್ಯವೃತ್ತಿಯ ನಮ್ಮನ್ನು ಕಾಡುವುದು ಅದರ ಮರುತಿಂಗಳ ಕಥೆ.

ಆ ಬೇಸಗೆಯಲ್ಲಿ ಈ ಪಡೆ ಜೋರ್ಡಾನ್ ಕಣಿವೆಯಲ್ಲಿ ಕಾವಲಿತ್ತು. ಸೊಳ್ಳೆಗಳ ಬೀಡು ಅದು. ಸೇನೆಯ ವೈದ್ಯರು ಜೌಗು ಬತ್ತಿಸಿ, ನೀರಿಗೆ ಎಣ್ಣೆ ಸುರಿಸಿ ಮಲೇರಿಯಾವನ್ನು ಹತೋಟಿಯಲ್ಲಿಟ್ಟಿದ್ದರು. ಆದರೆ ಆ ರಕ್ಷಣೆ ತಮ್ಮ ಗಡಿಯವರೆಗೆ ಮಾತ್ರ. ಸೆಪ್ಟೆಂಬರ್ 19ರಂದು ಯುದ್ಧ ಆರಂಭವಾದೊಡನೆ ಸವಾರರು ತುರ್ಕರ ನೆಲಕ್ಕೆ ನುಗ್ಗಿ, ಯಾರೂ ಶುದ್ಧಗೊಳಿಸದ ಜೌಗಿನ ಬದಿಯಲ್ಲೇ ರಾತ್ರಿ ಕಳೆದರು. ಸೊಳ್ಳೆ ಕಚ್ಚಿ ಮಾರಕ ಮಲೇರಿಯಾ ಕಾಣಿಸಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಲೆಕ್ಕ ಹಾಕಿದರೆ ಅದು ಅಕ್ಟೋಬರ್ ಮೊದಲ ವಾರಕ್ಕೆ ಬೀಳುತ್ತದೆ. ಆ ಹೊತ್ತಿಗೆ ಸೇನೆ ಡಮಾಸ್ಕಸ್ಸಿನಲ್ಲಿತ್ತು. ಅಲ್ಲಿ ಜಗತ್ತನ್ನೇ ವ್ಯಾಪಿಸಿದ್ದ ಇನ್‌ಫ್ಲುಯೆಂಜಾ ಕಾದಿತ್ತು.

ಚಳಿ, ತಲೆನೋವು, ಮೈಕೈನೋವು ಎರಡು ಜ್ವರಗಳಿಗೂ ಸಮಾನ. ಹಾಸಿಗೆ ಹಿಡಿದವನಿಗೆ ಒಂದಿದೆಯೋ, ಎರಡೂ ಇವೆಯೋ? ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳುವಂತಿರಲಿಲ್ಲ. ಮಲೇರಿಯಾಕ್ಕೆ ಕ್ವಿನೈನ್ ಇತ್ತು. ಇನ್‌ಫ್ಲುಯೆಂಜಾಕ್ಕೆ ಔಷಧವೇ ಇರಲಿಲ್ಲ. ಮನುಷ್ಯರಲ್ಲಿ ಅದರ ವೈರಸ್ ಪತ್ತೆಯಾದದ್ದೇ 1933ರಲ್ಲಿ.

ಎರಡೂ ಕೂಡಿದಾಗ ಹಾನಿಯ ಬಗೆಯೇ ಬೇರೆ. ಇನ್‌ಫ್ಲುಯೆಂಜಾ ಶ್ವಾಸನಾಳದ ಒಳಪದರವನ್ನು ಕೆಡಿಸಿ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತದೆ. 1918ರ ಮೃತರ ಅಂಗಾಂಶಗಳನ್ನು ಮತ್ತೆ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಹುಪಾಲು ಸಾವುಗಳಿಗೆ ಹೀಗೆ ಹಿಂಬಾಲಿಸಿ ಬಂದ ನ್ಯುಮೋನಿಯಾ ಕಾರಣವೆಂದು ತೋರಿಸಿತು. ಮಲೇರಿಯಾವಾದರೋ ಕೆಂಪು ರಕ್ತಕಣಗಳನ್ನು ನಾಶಮಾಡುತ್ತದೆ. ಶ್ವಾಸಕೋಶವು ಆಮ್ಲಜನಕವನ್ನು ಹೀರಲಾರದು. ಹೀರಿದಷ್ಟನ್ನೂ ಹೊರಲು ರಕ್ತಕ್ಕೆ ಬಲವಿರದು. ಆ ಅಶ್ವದಳಗಳಲ್ಲಿ ಕಾಳಗಕ್ಕಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು. ನಾಲ್ಕನೆಯ ಅಶ್ವದಳ ಮುಂದುವರಿಯಲಾರದಷ್ಟು ಕುಗ್ಗಿತು. ಮೈಸೂರಿನವರಿದ್ದ ಐದನೆಯ ದಳ ಮಾತ್ರ ಅಲೆಪ್ಪೊವರೆಗೆ ಸಾಗಿತು. ಅಕ್ಟೋಬರ್ 26ರಂದು ಹರಿತಾನ್‌ನಲ್ಲಿ ಮೈಸೂರು ಸವಾರರು ಮತ್ತೆ ಭರ್ಜಿ ಹಿಡಿದು ನುಗ್ಗಿದರು.

ಎರಡು ಸೋಂಕುಗಳು ಕೂಡಿದರೆ ಸದಾ ಕೇಡೇ ಎನ್ನಲೂ ಆಗದು. 1917ರಲ್ಲಿ ವಿಯೆನ್ನಾದ ವಾಗ್ನರ್-ಯಾರೆಗ್ ಮಿದುಳಿಗೇರಿದ ಸಿಫಿಲಿಸ್ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ, ಅದರ ಜ್ವರದಿಂದಲೇ ಗುಣ ಕಂಡರು. 1927ರಲ್ಲಿ ಅವರಿಗೆ ನೊಬೆಲ್ ಬಂತು! ಇಂದು ಯಾರೂ ಆ ಸಾಹಸಕ್ಕೆ ಕೈಹಾಕರು.

ಅಲ್ ಕೂಜ್‌ನಲ್ಲಿ ನೆರೆದಿರುವ ನಮಗೆ ಇದೆಲ್ಲ ದೂರದ ಮಾತಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಸ್ಥಳೀಯ ಮಲೇರಿಯಾ 1997ರಲ್ಲಿ ಕೊನೆಗೊಂಡಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದೃಢೀಕರಿಸಿತು. ಆದ್ದರಿಂದಲೇ ಇಲ್ಲಿನ ವೈದ್ಯರಿಗೆ ಮಲೇರಿಯಾ ಥಟ್ಟನೆ ನೆನಪಿಗೆ ಬಾರದಿರಬಹುದು. ಮಂಗಳೂರಿನಿಂದ ಮರಳಿದವರಿಗೆ ಜ್ವರ ಬಂದು ಫ್ಲೂ ಪರೀಕ್ಷೆಯಲ್ಲಿ ಸೋಂಕು ಕಂಡಿತೆನ್ನಿ, ಶೋಧ ಅಲ್ಲಿಗೇ ನಿಲ್ಲುವ ಅಪಾಯವಿದೆ. ಊರಿಗೆ ಹೋಗಿಬಂದ ದಿನಾಂಕವನ್ನು ನಾವೇ ತಿಳಿಸಿ ರಕ್ತಪರೀಕ್ಷೆ ಕೇಳಬೇಕು. ವೈವಾಕ್ಸ್ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿರಬಲ್ಲದಾದ ಕಾರಣ, ಕಳೆದ ಮಳೆಗಾಲದ ಪ್ರಯಾಣವನ್ನೂ ಹೇಳಲು ಮರೆಯಬಾರದು.